ದೊಡ್ಡವರು ಮಿಕ್ಕಿಯ ಆಟೋಗ್ರಾಫ್ ಕೇಳಬಹುದಾ?

ಪ್ರಶ್ನೆ: ನನಗೆ 36 ವರ್ಷ. ಮುಂದಿನ ತಿಂಗಳು ಗಂಡನ ಜೊತೆ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗುತ್ತಿದ್ದೇನೆ. ನಮಗೆ ಮಕ್ಕಳಿಲ್ಲ. ಅಲ್ಲಿ ವೇಷದಲ್ಲಿ ಓಡಾಡುವ ಕಾರ್ಟೂನ್ ಪಾತ್ರಗಳಾದ ಮಿಕ್ಕಿ ಮೌಸ್, ಗೂಫಿ ಇವರ ಆಟೋಗ್ರಾಫ್ ತೆಗೆದುಕೊಳ್ಳಬೇಕು ಅಂತ ಚಿಕ್ಕಂದಿನಿಂದ ಆಸೆ. ಆದರೆ 14 ವರ್ಷ ದಾಟಿದವರಿಗೆ ಆಟೋಗ್ರಾಫ್ ಕೊಡುವುದಿಲ್ಲ ಎಂದು ಇಬ್ಬರು ಹೇಳಿದರು. ನಿಜವಾ?

ಇಲ್ಲ, ನಿಜವಲ್ಲ. ನಿಮಗೆ 36 ಆಗಿರಲಿ, 76 ಆಗಿರಲಿ, ಸಾಲಿನಲ್ಲಿ ನಿಂತು ಪುಸ್ತಕ ಮುಂದೆ ಹಿಡಿದರೆ ಮಿಕ್ಕಿ ಸಹಿ ಹಾಕಿಕೊಡುತ್ತಾನೆ. ಜೊತೆಯಲ್ಲಿ ಮಗು ಇರಬೇಕಾಗಿಲ್ಲ. "ಅಣ್ಣನ ಮಗಳಿಗೆ ಬೇಕಿತ್ತು" ಎಂದು ಸುಳ್ಳು ಹೇಳಬೇಕಾಗಿಯೂ ಇಲ್ಲ. ನಿಮಗೋಸ್ಕರ ಅಂತಲೇ ಕೇಳಿ.

ಈ ಉತ್ತರವನ್ನು ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಮಗನ ಮನೆಗೆಂದು ಅಮೆರಿಕಕ್ಕೆ ಬಂದ ಅಪ್ಪ ಅಮ್ಮಂದಿರು ಕೇಳಿದ್ದಾರೆ. ಹೊಸದಾಗಿ ಮದುವೆಯಾದವರು ಕೇಳಿದ್ದಾರೆ. ಬೆಂಗಳೂರಿನಿಂದ ಆಫೀಸ್ ಕೆಲಸದ ಮೇಲೆ ಬಂದು, ಶನಿವಾರ ಭಾನುವಾರ ಆರ್ಲ್ಯಾಂಡೋ ನೋಡಿಕೊಂಡು ಹೋಗುವವರು ಕೇಳಿದ್ದಾರೆ. ಪ್ರತಿ ಸಲವೂ ಅದೇ 14. ಹಾಗಾಗಿ ಈ ಸಲ ಬೇರು ಸಮೇತ ಕಿತ್ತುಬಿಡೋಣ.

14 ಅನ್ನೋ ಸಂಖ್ಯೆ ಸುಮ್ನೆ ಹುಟ್ಟಿಕೊಂಡಿದ್ದಲ್ಲ. ಅಲ್ಲಿ 14ರ ನಿಯಮ ಒಂದು ಇದ್ದೇ ಇದೆ. ಆದರೆ ಅದು ಬಟ್ಟೆಯ ನಿಯಮ. 14 ಮತ್ತು ಅದಕ್ಕಿಂತ ಜಾಸ್ತಿ ವಯಸ್ಸಿನವರು ಪಾತ್ರಗಳ ವೇಷ ಹಾಕಿಕೊಂಡು ಪಾರ್ಕಿನೊಳಗೆ ಬರುವಂತಿಲ್ಲ. ಆರು ವರ್ಷದ ಹುಡುಗಿ ಸಿಂಡ್ರೆಲಾ ಗೌನ್ ಹಾಕಿಕೊಂಡು ಬರಬಹುದು. ಇಪ್ಪತ್ತಾರರ ಹೆಣ್ಣುಮಗಳು ಅಂಥದ್ದೇ ಗೌನ್ ಹಾಕಿಕೊಂಡು ಬಂದರೆ ಬಟ್ಟೆ ಬದಲಾಯಿಸಿ ಬನ್ನಿ ಎನ್ನುತ್ತಾರೆ.

ಇದರ ಹಿಂದಿನ ಯೋಚನೆ ಸರಿಯಾಗಿಯೇ ಇದೆ. ದೊಡ್ಡವಳೊಬ್ಬಳು ಸಿಂಡ್ರೆಲಾ ಥರವೇ ಕಂಡರೆ, ಮಗು ಅವಳೇ ಸಿಂಡ್ರೆಲಾ ಎಂದುಕೊಂಡು ಓಡಿಬಂದು ತಬ್ಬಿಕೊಳ್ಳುತ್ತದೆ. ಅಪ್ಪ ಅಮ್ಮ ಖುಷಿಯಿಂದ ಮಗುವನ್ನು ಅವಳ ಪಕ್ಕ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಅವಳು ಯಾರು, ಎಲ್ಲಿಯವಳು, ಯಾರಿಗೂ ಗೊತ್ತಿಲ್ಲ. ಮಕ್ಕಳ ಸುರಕ್ಷತೆಯ ವಿಷಯ ಇದು.

ಹ್ಯಾಲೋವೀನ್ ಸಮಯದಲ್ಲಿ ಬೇರೆ ಟಿಕೆಟ್ ಇಟ್ಟು ನಡೆಸುವ ಸಂಜೆಯ ಪಾರ್ಟಿಯಂಥದ್ದಕ್ಕೆ ದೊಡ್ಡವರೂ ವೇಷ ಹಾಕಬಹುದು. ಅಲ್ಲೂ ಮುಖವಾಡ ಹಾಕುವಂತಿಲ್ಲ. ಆ ನಿಯಮಗಳ ಜೊತೆಗೇ ಇನ್ನೊಂದು ಮಾತಿದೆ. ಪಾತ್ರದಂತೆ ವೇಷ ಹಾಕಿ ಬಂದವರು ಬೇರೆಯವರ ಜೊತೆ ಪಾತ್ರದಂತೆ ಫೋಟೋಗೆ ನಿಲ್ಲಬಾರದು, ಬೇರೆಯವರಿಗೆ ಆಟೋಗ್ರಾಫ್ ಕೊಡಬಾರದು.

ನನ್ನ ಪ್ರಕಾರ ಎಡವಟ್ಟು ಆಗಿದ್ದು ಇಲ್ಲೇ. ವೇಷ ಹಾಕಿದ ದೊಡ್ಡವರು ಆಟೋಗ್ರಾಫ್ ಕೊಡಬಾರದು ಎನ್ನುವುದು ನಿಯಮ. ಅದು ಬಾಯಿಂದ ಬಾಯಿಗೆ ಹೋಗುತ್ತಾ, ದೊಡ್ಡವರಿಗೆ ಆಟೋಗ್ರಾಫ್ ಕೊಡಬಾರದು ಎಂದಾಗಿದೆ. "ದೊಡ್ಡವರು" ಹೋಗಿ "ದೊಡ್ಡವರಿಗೆ" ಆಯಿತು. ಒಂದು ವಿಭಕ್ತಿ ಪ್ರತ್ಯಯ ಬದಲಾಗಿದ್ದಕ್ಕೆ ಎಷ್ಟು ಜನ ತಮ್ಮ ಪುಸ್ತಕವನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ವಾಪಸ್ ಹೋಗಿದ್ದಾರೆ!

ಅವರಲ್ಲಿ ನನ್ನ ಚಿಕ್ಕಮ್ಮನೂ ಒಬ್ಬರು. ಅದಕ್ಕೇ ಈ ವಿಷಯ ಬಂದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ. ಹಾಸನದ ಹತ್ತಿರದ ಹಳ್ಳಿ ಶಾಲೆಯಲ್ಲಿ 31 ವರ್ಷ ಮೇಡಂ ಆಗಿದ್ದವರು ಅವರು. ಏಳನೇ ಕ್ಲಾಸಿನ ಬೀಳ್ಕೊಡುಗೆ ದಿನ ನೆನಪಿದೆ ಅಲ್ವಾ? ಗುಲಾಬಿ, ಹಳದಿ, ತಿಳಿನೀಲಿ ಹಾಳೆಗಳ ಪುಟ್ಟ ಆಟೋಗ್ರಾಫ್ ಬುಕ್ ಹಿಡಿದು ಮಕ್ಕಳು ಸ್ಟಾಫ್ ರೂಮಿನ ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಚಿಕ್ಕಮ್ಮ ಪ್ರತಿ ಮಗುವಿಗೂ ಬೇರೆ ಬೇರೆ ಸಾಲು ಬರೆದು ಸಹಿ ಹಾಕುತ್ತಿದ್ದರು. ಸಾವಿರಾರು ಸಹಿ ಹಾಕಿದ ಅವರ ಹತ್ತಿರ ತಮ್ಮದು ಅಂತ ಒಂದು ಆಟೋಗ್ರಾಫ್ ಬುಕ್ ಇರಲಿಲ್ಲ. ಹಾಗಾಗಿ ನಿವೃತ್ತಿಯಾದ ಮೇಲೆ ಟೂರಿನವರ ಜೊತೆ ಅಮೆರಿಕಕ್ಕೆ ಬಂದಾಗ, ಪಾರ್ಕಿನ ಅಂಗಡಿಯಲ್ಲಿ ಒಂದು ಕೊಂಡುಕೊಂಡರು. ಅಷ್ಟರಲ್ಲಿ ಅವರ ಟೂರ್ ಮ್ಯಾನೇಜರ್ ನೋಡಿ, "ಅದೆಲ್ಲ ಮಕ್ಕಳಿಗೆ ಮೇಡಂ, 14ರ ಮೇಲಿನವರಿಗೆ ಕೊಡಲ್ಲ, ಸುಮ್ನೆ ಸಾಲಲ್ಲಿ ನಿಂತು ಟೈಮ್ ಕಳೀಬೇಡಿ" ಎಂದುಬಿಟ್ಟರು. ಚಿಕ್ಕಮ್ಮ ಮರುಮಾತಾಡಲಿಲ್ಲ. ನಿಯಮ ಎಂದರೆ ನಿಯಮ ಎಂದುಕೊಳ್ಳುವ ಮೇಷ್ಟ್ರ ಬುದ್ಧಿ. ಖಾಲಿ ಪುಸ್ತಕ ಹಾಸನಕ್ಕೆ ಹೋಯಿತು.

ಟಿಕೆಟ್ ಕೊಳ್ಳುವಾಗ ಒಂದು ವಿಷಯ ಗಮನಿಸಿ. ಡಿಸ್ನಿ ವರ್ಲ್ಡ್‌ನಲ್ಲಿ ಮಕ್ಕಳ ಟಿಕೆಟ್ 3ರಿಂದ 9 ವರ್ಷದವರಿಗೆ ಮಾತ್ರ. 10 ತುಂಬಿದವರಿಗೆಲ್ಲ ದೊಡ್ಡವರ ಟಿಕೆಟ್. ಅಂದರೆ ಅಲ್ಲಿನ ಲೆಕ್ಕದಲ್ಲಿ ಐದನೇ ಕ್ಲಾಸಿನ ಹುಡುಗನೂ ದೊಡ್ಡವನೇ. ನೀವು ಕೊಟ್ಟ ದುಡ್ಡಿನಲ್ಲಿ ರೈಡು, ಮೆರವಣಿಗೆ, ಪಟಾಕಿ ಎಲ್ಲ ಸೇರಿರುವ ಹಾಗೆ ಪಾತ್ರಗಳನ್ನು ಭೇಟಿಯಾಗುವುದೂ ಸೇರಿದೆ. ಆ ಸಾಲಿನಲ್ಲಿ ಯಾರೂ ನಿಮ್ಮ ವಯಸ್ಸು ಕೇಳುವುದಿಲ್ಲ.

"ನಾನು ನಿಂತರೆ ಯಾವುದೋ ಮಗುವಿನ ಸರದಿ ಹೋಗುತ್ತಲ್ಲ" ಎಂದು ಕೆಲವರು ಸಂಕೋಚಪಡುತ್ತಾರೆ. ಒಳ್ಳೆಯ ಮನಸ್ಸಿನ ಮಾತೇ. ಆದರೆ ಸಾಲು ನಡೆಯುವ ರೀತಿ ಗೊತ್ತಿದ್ದರೆ ಈ ಚಿಂತೆ ಬರುವುದಿಲ್ಲ. ಪಾತ್ರದ ಜೊತೆ ಯಾವಾಗಲೂ ಒಬ್ಬ ಸಹಾಯಕ ಸಿಬ್ಬಂದಿ ಇರುತ್ತಾರೆ. ಸಾಲನ್ನು ಎಲ್ಲಿಗೆ ನಿಲ್ಲಿಸಬೇಕು, ಪಾತ್ರ ಯಾವಾಗ ವಿಶ್ರಾಂತಿಗೆ ಹೋಗಬೇಕು, ಇದನ್ನೆಲ್ಲ ನೋಡಿಕೊಳ್ಳುವುದು ಅವರ ಕೆಲಸ. ಆ ದಪ್ಪ ವೇಷದೊಳಗೆ ಫ್ಲಾರಿಡಾದ ಸೆಕೆಯಲ್ಲಿ ಜಾಸ್ತಿ ಹೊತ್ತು ಇರುವುದು ಕಷ್ಟ, ಅಲ್ವಾ. ಇಬ್ಬರು ದೊಡ್ಡವರಿಗೆ ಹಿಡಿಯುವ ಸಮಯ, ಮೂರು ಮಕ್ಕಳ ಒಂದು ಕುಟುಂಬಕ್ಕಿಂತ ಕಡಿಮೆಯೇ. ಸರದಿ ಮುರಿಯದೆ ನಿಂತವರು ಯಾರ ಸಮಯವನ್ನೂ ಕದ್ದಂತಲ್ಲ.

ಇನ್ನೂ ಅನುಮಾನ ಇದ್ದರೆ ಡಿಸ್ನಿ ವರ್ಲ್ಡ್‌ನ ಪಾರ್ಕುಗಳಲ್ಲಿ ಒಂದಾದ ಎಪ್ಕಾಟ್‌ಗೆ ಹೋಗಿ ನೋಡಿ. ಅಲ್ಲಿ 11 ದೇಶಗಳ ಹೆಸರಿನ ಮಂಟಪಗಳು ಒಂದು ಕೆರೆಯ ಸುತ್ತ ಇವೆ. ಫ್ರಾನ್ಸ್‌ನಲ್ಲಿ ಬೆಲ್, ಚೀನಾದಲ್ಲಿ ಮುಲಾನ್, ಮೊರಾಕ್ಕೋದಲ್ಲಿ ಜಾಸ್ಮಿನ್, ಹೀಗೆ ಕಥೆಗೆ ಹೊಂದುವ ಮಂಟಪದಲ್ಲಿ ಡಿಸ್ನಿ ಸಿನಿಮಾಗಳ ನಾಯಕಿಯರು ಸಿಗುತ್ತಾರೆ. ಸಾಲಿನಲ್ಲಿ ನಿಂತ ಮುಖಗಳನ್ನು ಒಮ್ಮೆ ನೋಡಿ. ತಲೆ ನರೆತವರು ಎಷ್ಟು ಜನ ಸಿಗುತ್ತಾರೆ!

ಗೊಂದಲಕ್ಕೆ ಇನ್ನೊಂದು ಚಿಕ್ಕ ಕಾರಣವೂ ಇದೆ. ಕೋವಿಡ್ ಬಂದಾಗ 2020ರ ಮಾರ್ಚ್‌ನಲ್ಲಿ ಪಾರ್ಕುಗಳು ಮುಚ್ಚಿದವು. ಮತ್ತೆ ತೆರೆದ ಮೇಲೂ ಅಪ್ಪುಗೆ, ಆಟೋಗ್ರಾಫ್ ಬಹಳ ದಿನ ಇರಲಿಲ್ಲ. 2022ರ ಏಪ್ರಿಲ್ 18ರಿಂದ ಮತ್ತೆ ಶುರುವಾದವು. ನಡುವೆ ಹೋಗಿ ಬಂದವರು "ನಮಗೆ ಕೊಡಲಿಲ್ಲ" ಎಂದರೆ ಅದು ನಿಜವೇ. ಆಗ ಮಕ್ಕಳಿಗೂ ಕೊಡುತ್ತಿರಲಿಲ್ಲ.

14ರ ಕಥೆ ಇಲ್ಲಿಗೆ ಸಾಕು.

ಇದಾದ ಕೂಡಲೇ ಬರುವ ಮಾತೊಂದಿದೆ. "ಒಳಗೆ ಯಾರೋ ಕೆಲಸದವರು ಇರ್ತಾರೆ, ಅದು ನಿಜವಾದ ಆಟೋಗ್ರಾಫ್ ಹೇಗಾಗುತ್ತೆ?" ಅಂತ. ಅಲ್ಲಿ ಸಹಿ ಹಾಕುವುದನ್ನು ಕಲಿಸುತ್ತಾರೆ. ಪ್ರತಿ ಪಾತ್ರಕ್ಕೂ ಅದರದೇ ಆದ ಒಂದು ಸಹಿ. ಅಕ್ಷರದ ಆಕಾರ, ತಿರುವು ಎಲ್ಲ ಗೊತ್ತುಮಾಡಿದ್ದು. ಇವತ್ತು ಮಿಕ್ಕಿ ಹಾಕಿದ ಸಹಿಗೂ ಐದು ವರ್ಷದ ಕೆಳಗೆ ಹಾಕಿದ್ದಕ್ಕೂ ಹೊಂದಿಕೆ ಇರಬೇಕು. ಅದನ್ನೂ ದಪ್ಪ ಕೈಗವಸು ಹಾಕಿಕೊಂಡು, ಹೆಬ್ಬೆರಳೂ ಸೇರಿ ನಾಲ್ಕೇ ಬೆರಳಿನ ಕೈಯಲ್ಲಿ ಬರೆಯಬೇಕು. ಎಷ್ಟು ಅಭ್ಯಾಸ ಬೇಕು ಯೋಚಿಸಿ.

ಈ ಕೆಲಸ ಮಾಡುವವರು "ನಾನು ಮಿಕ್ಕಿ ಆಗಿದ್ದೆ" ಎನ್ನುವುದಿಲ್ಲ. "ನಾನು ಮಿಕ್ಕಿಯ ಸ್ನೇಹಿತ" ಎನ್ನುವುದು ಅಲ್ಲಿನ ರೂಢಿ. ನನಗೆ ಈ ಮಾತು ತುಂಬ ಇಷ್ಟ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವುದನ್ನು ಪಕ್ಕದಲ್ಲೇ ಕೂತು ನೋಡಿದ ಹುಡುಗನೂ, ರಂಗದ ಮೇಲೆ ಮಹಿಷಾಸುರ ಅಬ್ಬರಿಸಿ ಬಂದಾಗ ಅಜ್ಜಿಯ ಸೆರಗು ಹಿಡಿಯುತ್ತಾನೆ. ಒಳಗೆ ಯಾರಿದ್ದಾರೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಮಿಕ್ಕಿಯ ಸಹಿಯೂ ಹಾಗೆಯೇ. ಅದು ಒಳಗಿರುವವರ ಸಹಿಯಲ್ಲ, ಪಾತ್ರದ ಸಹಿ. ದಯವಿಟ್ಟು ಅವರ ಸ್ವಂತ ಹೆಸರು ಕೇಳಬೇಡಿ. ಮುಂದೆ ಮಾರಿದರೆ ಎಷ್ಟು ಸಿಗುತ್ತದೆ ಅಂತಲೂ ಕೆಲವರು ಕೇಳುತ್ತಾರೆ. ದಿನವೂ ಸಹಿ ಹಾಕುವ ಮಿಕ್ಕಿಯ ಸಹಿಗೆ ದೊಡ್ಡ ಬೆಲೆ ಬರುವುದಿಲ್ಲ. ಅದು ನಿಮ್ಮ ಮನೆಯ ಕಪಾಟಿಗೆ.

ಸಹಿ ಎಂದ ಮೇಲೆ ಡಿಸ್ನಿ ಕಂಪನಿ ಕಟ್ಟಿದ ವಾಲ್ಟ್ ಡಿಸ್ನಿಯ ಸಹಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಇದನ್ನು ನೀವು ಕೇಳಿಲ್ಲ, ಆದರೂ ಗೊತ್ತಿರಬೇಕಾದ ವಿಷಯ. ಕಂಪನಿಯ ಹೆಸರನ್ನು ಬಳುಕುವ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಅದನ್ನು ವಾಲ್ಟ್ ಹಾಗೇ ಸಹಿ ಹಾಕುತ್ತಿದ್ದರು ಎಂದು ಬಹಳ ಜನ ನಂಬಿದ್ದಾರೆ. ಅದು ಅವರ ಸಹಿಗೆ ಅಲಂಕಾರ ಮಾಡಿ ರೂಪಿಸಿದ ಅಕ್ಷರ. ಅವರ ಸ್ವಂತ ಸಹಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿತ್ತು. ಅಭಿಮಾನಿಗಳ ಪತ್ರಗಳು ರಾಶಿ ರಾಶಿ ಬರುತ್ತಿದ್ದ ಕಾಲದಲ್ಲಿ ಸ್ಟುಡಿಯೋದ ಕಲಾವಿದರೇ ಅವರ ಪರವಾಗಿ ಸಹಿ ಹಾಕಿ ಕಳಿಸುತ್ತಿದ್ದರು. ಹ್ಯಾಂಕ್ ಪೋರ್ಟರ್ ಎಂಬ ಕಲಾವಿದರಿಗೆ ಹಾಗೆ ಸಹಿ ಹಾಕಲು ಒಪ್ಪಿಗೆಯೇ ಇತ್ತು. ಅದಕ್ಕೇ ಇವತ್ತು ವಾಲ್ಟ್ ಸಹಿ ಕೊಳ್ಳುವವರು ಮೊದಲು ತಜ್ಞರಿಗೆ ತೋರಿಸುತ್ತಾರೆ. ಪೋರ್ಟರ್ ಕೈಬರಹ ಎಷ್ಟೇ ಚಂದ ಇದ್ದರೂ ಅದು ವಾಲ್ಟ್ ಸಹಿ ಆಗುವುದಿಲ್ಲ. ಮಿಕ್ಕಿಯ ವಿಷಯದಲ್ಲಿ ಇದೇ ಲೆಕ್ಕ ಉಲ್ಟಾ. ಮಿಕ್ಕಿಗೆ ಬೇರೆ ಕೈ ಇಲ್ಲ. ಪಾರ್ಕಿನಲ್ಲಿ ಮಿಕ್ಕಿ ಹಾಕಿಕೊಟ್ಟಿದ್ದೇ ಮಿಕ್ಕಿಯ ಸಹಿ. ಇನ್ನೊಂದು ವಿಷಯ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಶುರುವಾದಾಗ ಈ ಪಾತ್ರಗಳಿಗೆ ಅವರದೇ ವೇಷ ಕೂಡ ಇರಲಿಲ್ಲ. ಐಸ್ ಕೇಪೇಡ್ಸ್ ಎಂಬ ಮಂಜುಗಡ್ಡೆಯ ಮೇಲಿನ ಸ್ಕೇಟಿಂಗ್ ಪ್ರದರ್ಶನದವರಿಂದ ಎರವಲು ತಂದಿದ್ದರು.

ಸರಿ, ನಿಮ್ಮ ತಯಾರಿಗೆ ಬರೋಣ. ಪೆನ್ನು ದಪ್ಪಗಿರಲಿ. ತೆಳ್ಳಗಿನ ಬಾಲ್ ಪೆನ್ನು ಆ ಕೈಗವಸಿನಲ್ಲಿ ಹಿಡಿತಕ್ಕೆ ಸಿಗುವುದಿಲ್ಲ. ದಪ್ಪ ಮಾರ್ಕರ್ ಒಳ್ಳೆಯದು. ಮಾರ್ಕರ್ ಶಾಯಿ ಹಾಳೆಯ ಹಿಂಬದಿಗೆ ಇಳಿಯುತ್ತದೆ, ಹಾಗಾಗಿ ಒಂದು ಬದಿಯಲ್ಲಿ ಮಾತ್ರ ಸಹಿ ಹಾಕಿಸಿ, ಇನ್ನೊಂದು ಬದಿಗೆ ಆ ದಿನದ ಫೋಟೋ ಅಂಟಿಸಿಕೊಳ್ಳಿ. ನಿಮ್ಮ ಸರದಿ ಬರುವ ಮೊದಲೇ ಖಾಲಿ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿಟ್ಟುಕೊಂಡಿರಿ. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ಜೋರು ಮಳೆ ಬರುವುದು ಮಾಮೂಲಿ. ಜಿಪ್ ಇರುವ ಪ್ಲಾಸ್ಟಿಕ್ ಕವರ್ ಒಂದು ಬ್ಯಾಗಿನಲ್ಲಿರಲಿ. ಕೆಲವು ಪಾತ್ರಗಳಿಗೆ ವೇಷದಿಂದಾಗಿ ಪೆನ್ನು ಹಿಡಿಯಲು ಆಗುವುದಿಲ್ಲ. ಆಗ ಫೋಟೋ ತೆಗೆಸಿಕೊಂಡು ನಗುತ್ತಾ ಬನ್ನಿ. ಸಾಲಿನಲ್ಲಿ ನಿಲ್ಲುವ ಶಕ್ತಿ ಇಲ್ಲದವರು, ಮುಖ್ಯವಾಗಿ ಹಿರಿಯರು, ಡಿಸ್ನಿ ವರ್ಲ್ಡ್‌ನ ಕಂಟೆಂಪೊರರಿ ಹೋಟೆಲಿನ ಶೆಫ್ ಮಿಕ್ಕೀಸ್‌ನಂಥ ಕಡೆ ಊಟಕ್ಕೆ ಮೊದಲೇ ಬುಕ್ ಮಾಡಿಕೊಳ್ಳಬಹುದು. ಅಲ್ಲಿ ಪಾತ್ರಗಳೇ ನಿಮ್ಮ ಮೇಜಿನ ಹತ್ತಿರ ಬರುತ್ತವೆ. ಖರ್ಚು ಜಾಸ್ತಿ, ಆದರೆ ಮಂಡಿ ನೋವಿರುವವರಿಗೆ ಅದೇ ಸರಿ.

ಚಿಕ್ಕಮ್ಮ ಎರಡನೇ ಸಲ ಬಂದಾಗ ನಾನೇ ಕರೆದುಕೊಂಡು ಹೋದೆ. ಹಾಸನದಿಂದ ಅದೇ ಖಾಲಿ ಪುಸ್ತಕ ತಂದಿದ್ದರು. ಸಾಲಿನಲ್ಲಿ ನಿಂತಿದ್ದಾಗಲೂ ಎರಡು ಸಲ "ಏನೂ ಅನ್ನಲ್ವಾ ಕಣೇ?" ಎಂದು ಕೇಳಿದರು. ಮಿಕ್ಕಿಯ ಗೆಳತಿ ಮಿನ್ನಿಯ ಸಾಲು ಅದು. ಮಿನ್ನಿ ಮಾತಾಡುವುದಿಲ್ಲ, ಎಲ್ಲ ಸನ್ನೆಯಲ್ಲೇ. ಚಿಕ್ಕಮ್ಮನ ಇಳಕಲ್ ಸೀರೆಯ ಸೆರಗು ಮುಟ್ಟಿ ನೋಡಿದಳು. ತನ್ನ ಚುಕ್ಕಿ ಲಂಗ ತೋರಿಸಿದಳು. ಆಮೇಲೆ ಪುಸ್ತಕ ತೆಗೆದುಕೊಂಡು ನಿಧಾನಕ್ಕೆ ಸಹಿ ಹಾಕಿದಳು. ಚಿಕ್ಕಮ್ಮ ಹಾಳೆ ಒಣಗುವವರೆಗೂ ಪುಸ್ತಕ ಮುಚ್ಚಲಿಲ್ಲ. ಸಂಜೆ ಬಸ್ಸಿನಲ್ಲಿ, "ಅಕ್ಷರ ದುಂಡಗಿದೆ, ಚೆನ್ನಾಗಿ ಬರೀತಾಳೆ" ಎಂದರು.

ನೀವು ಮೊದಲು ಅಲ್ಲಿನ ಇನ್ನೊಂದು ಪಾರ್ಕಾದ ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋಗಿ. ರೈಲು ನಿಲ್ದಾಣದ ಕೆಳಗಿನಿಂದ ಒಳಗೆ ಬಂದ ಕೂಡಲೇ ಬಲಗಡೆ ಟೌನ್ ಸ್ಕ್ವೇರ್ ಥಿಯೇಟರ್ ಇದೆ. ಮಿಕ್ಕಿ ಸಿಗುವುದು ಅಲ್ಲೇ. ಗಂಡನಿಗೂ ಒಂದು ಪುಸ್ತಕ ಕೊಡಿಸಿ.