ನೂನ್ ಸಾಕಿನ್ ಮತ್ತು ನಮ್ಮ ಅನುಸ್ವಾರ: ಕುರ್‌ಆನ್ ಪಾರಾಯಣದ ಅಧ್ಯಯನ ಟಿಪ್ಪಣಿ

ಅರಬಿ ಅಕ್ಷರಗಳನ್ನು ಕೂಡಿಸಿ ಓದಲು ಬಲ್ಲವರಾಗಿ, ತಜ್ವೀದ್, ಅಂದರೆ ಕುರ್‌ಆನನ್ನು ಸರಿಯಾಗಿ ಉಚ್ಚರಿಸಿ ಓದುವ ನಿಯಮಗಳನ್ನು ಈಗಷ್ಟೇ ಕಲಿಯುತ್ತಿರುವ ಕನ್ನಡಿಗರಿಗಾಗಿ ಈ ಟಿಪ್ಪಣಿಯನ್ನು ಬರೆದಿದ್ದೇನೆ. ಇಲ್ಲಿರುವ ನಿಯಮಗಳು ನಮ್ಮಲ್ಲಿ ರೂಢಿಯಲ್ಲಿರುವ ಹಫ್ಸ್ ಎಂಬ ಪಾರಾಯಣ ಪರಂಪರೆಗೆ ಸೇರಿದವು.

ಮೊದಲು ಶಿಷ್ಟಾಚಾರ

ಮುಸ್‌ಹಫನ್ನು (ಕುರ್‌ಆನ್ ಗ್ರಂಥವನ್ನು) ಮುಟ್ಟುವ ಮೊದಲು ವುಝೂ (ಕೈಕಾಲು ಮುಖ ತೊಳೆಯುವ ಶುದ್ಧಿ) ಮಾಡಿಕೊಳ್ಳಬೇಕು. ಬಾಯಿಪಾಠವಾಗಿರುವುದನ್ನು ವುಝೂ ಇಲ್ಲದೆಯೂ ಓದಬಹುದು, ಆದರೆ ಸ್ನಾನ ಕಡ್ಡಾಯವಾಗಿರುವ ಅಶುದ್ಧಿಯ ಸ್ಥಿತಿಯಲ್ಲಿ ಓದಬಾರದು. ಮುಸ್‌ಹಫನ್ನು ನೆಲದ ಮೇಲಿಡದೆ ರೆಹಲಿನ ಮೇಲಿಟ್ಟು, ಸಾಧ್ಯವಾದರೆ ಕಿಬ್ಲಾದ (ಮಕ್ಕಾದ ಕಾಬಾದ) ಕಡೆಗೆ ಮುಖ ಮಾಡಿ ಕುಳಿತುಕೊಳ್ಳುವುದು ಉತ್ತಮ. ಆರಂಭದಲ್ಲಿ ‘ಅಊದು ಬಿಲ್ಲಾಹಿ’ (ಅಲ್ಲಾಹನ ಅಭಯ ಕೋರುವ ಮಾತು) ಹೇಳಬೇಕೆಂಬುದಕ್ಕೆ ಆಧಾರ ನಹ್ಲ್ ಅಧ್ಯಾಯದಲ್ಲಿದೆ (16:98). ತೌಬಾ ಅಧ್ಯಾಯವೊಂದನ್ನು ಬಿಟ್ಟು ಉಳಿದೆಲ್ಲ ಅಧ್ಯಾಯಗಳ ಆರಂಭದಲ್ಲಿ ಬಿಸ್ಮಿಲ್ಲಾ ಹೇಳಬೇಕು. ಇನ್ನೊಬ್ಬರು ಓದುತ್ತಿರುವಾಗ ಮೌನವಾಗಿ ಕಿವಿಗೊಡಬೇಕೆಂದು ಆರಾಫ್ ಅಧ್ಯಾಯವೂ (7:204), ನಿಧಾನವಾಗಿ ಸ್ಫುಟವಾಗಿ ಓದಬೇಕೆಂದು ಮುಝ್ಝಮ್ಮಿಲ್ ಅಧ್ಯಾಯವೂ (73:4) ಹೇಳುತ್ತವೆ. ಈ ಕೊನೆಯ ಆದೇಶವನ್ನು ಪಾಲಿಸುವ ವಿದ್ಯೆಯೇ ತಜ್ವೀದ್.

ನೂನ್ ಸಾಕಿನ್

ಸುಕೂನ್ (ಸ್ವರವಿಲ್ಲವೆಂಬ ಚಿಹ್ನೆ) ಇರುವ ನೂನನ್ನೂ ತನ್ವೀನನ್ನೂ (ಪದದ ಕೊನೆಯಲ್ಲಿ ಸ್ವರಚಿಹ್ನೆಯಿಂದ ಬರುವ ‘ನ್’ ನಾದ) ಹೇಗೆ ಉಚ್ಚರಿಸಬೇಕೆಂಬುದನ್ನು ಅವುಗಳ ಮುಂದೆ ಬರುವ ಅಕ್ಷರವೇ ನಿರ್ಧರಿಸುತ್ತದೆ. ಮುಂದೆ ಬರುವುದು ಹಂಝ, ಐನ್, ಗೈನ್, ಖಾ ಅಥವಾ ಎರಡು ಬಗೆಯ ಹಾ ಎಂಬ ಆರು ಗಂಟಲ ಅಕ್ಷರಗಳಲ್ಲಿ ಒಂದಾಗಿದ್ದರೆ ನೂನ್ ಸ್ಪಷ್ಟವಾಗಿ ಕೇಳಿಸಬೇಕು. ಇದು ಇಝ್‌ಹಾರ್, ಫಾತಿಹಾದ ‘ಅನ್‌ಅಮ್‌ತ’ ಇದಕ್ಕೆ ಉದಾಹರಣೆ. ಯಾ, ರಾ, ಮೀಮ್, ಲಾಮ್, ವಾವ್, ನೂನ್ ಬಂದರೆ ಅದು ಮುಂದಿನ ಅಕ್ಷರದಲ್ಲಿ ಲೀನವಾಗುತ್ತದೆ, ಇದು ಇದ್ಗಾಮ್. ಇವುಗಳಲ್ಲಿ ಲಾಮ್ ಮತ್ತು ರಾ ಬಂದಾಗ ಮೂಗಿನ ನಾದ, ಅಂದರೆ ಗುನ್ನಾ, ಇರುವುದಿಲ್ಲ. ದುನ್ಯಾ, ಬುನ್ಯಾನ್, ಸಿನ್ವಾನ್, ಕಿನ್ವಾನ್ ಎಂಬ ಪದಗಳಲ್ಲಿ ನೂನ್ ಮತ್ತು ಅದರ ಮುಂದಿನ ಅಕ್ಷರ ಒಂದೇ ಪದದೊಳಗಿರುವುದರಿಂದ ಅಲ್ಲಿ ಇದ್ಗಾಮ್ ಮಾಡುವಂತಿಲ್ಲ. ಬಾ ಬಂದರೆ ನೂನ್ ಮೀಮ್ ಆಗುತ್ತದೆ, ಇದು ಇಕ್ಲಾಬ್. ಉಳಿದ 15 ಅಕ್ಷರಗಳಿಗೆ ಇಖ್ಫಾ, ಅಂದರೆ ನೂನನ್ನು ಮರೆಮಾಡಿ ಗುನ್ನಾದೊಂದಿಗೆ ಓದುವುದು.

ಈ ನಾಲ್ಕು ನಿಯಮಗಳಲ್ಲಿ ಇಖ್ಫಾವೇ ಹೆಚ್ಚು ಕಾಡುತ್ತದೆ. ಅದಕ್ಕೆ ಕಾರಣ ನಮ್ಮ ಬಾಯಿಗೆ ಹುಟ್ಟಿನಿಂದ ಅಂಟಿಕೊಂಡಿರುವ ಅನುಸ್ವಾರ ಎಂಬುದು ಬಹಳ ತಡವಾಗಿ ನನಗೆ ಹೊಳೆಯಿತು. ನಮ್ಮ ಸೊನ್ನೆಯೂ ಮುಂದಿನ ಅಕ್ಷರವನ್ನು ನೋಡಿಯೇ ರೂಪ ಬದಲಿಸುತ್ತದೆ. ‘ಅಂಬರ’ದಲ್ಲಿ ಅದು ಮಕಾರ, ‘ಅಂತರ’ದಲ್ಲಿ ನಕಾರ, ‘ಅಂಕಣ’ದಲ್ಲಿ ಙಕಾರ. ಆದ್ದರಿಂದ ಇಕ್ಲಾಬ್ ನಮಗೆ ಬಹುಮಟ್ಟಿಗೆ ತಾನಾಗಿಯೇ ಬರುತ್ತದೆ: ‘ಮಿನ್ ಬಅದಿ’ಯನ್ನು ಸೊನ್ನೆ ಹಾಕಿ ‘ಮಿಂಬಅದಿ’ ಎಂದು ಬರೆದುಕೊಂಡು, ತುಟಿಗಳನ್ನು ಒತ್ತದೆ ಮೆಲ್ಲಗೆ ಕೂಡಿಸಿ ಗುನ್ನಾ ನಿಲ್ಲಿಸಿದರೆ ಸಾಕು. ಇದೇ ಉಪಾಯವನ್ನು ಇಖ್ಫಾಕ್ಕೂ ಬಳಸಹೊರಟರೆ ಎರಡು ಕಡೆ ಎಡವುತ್ತೇವೆ.

ಮೊದಲನೆಯದು ತಾ, ದಾಲ್ ಮುಂತಾದವುಗಳ ಮುಂದೆ. ‘ಕುನ್‌ತುಮ್’ ಎಂಬುದನ್ನು ನಾವು ‘ಅಂತರ’ದ ಹಾಗೆಯೇ ಓದಿಬಿಡುತ್ತೇವೆ. ಆಗ ನಾಲಿಗೆ ಹಲ್ಲಿನ ಹಿಂಬದಿಗೆ ಪೂರ್ತಿಯಾಗಿ ತಾಗಿ ಸ್ಪಷ್ಟ ನಕಾರ ಹೊರಡುತ್ತದೆ. ಅದು ಇಝ್‌ಹಾರ್ ಆಯಿತೇ ಹೊರತು ಇಖ್ಫಾ ಆಗಲಿಲ್ಲ. ಇಖ್ಫಾದಲ್ಲಿ ನಾಲಿಗೆಯು ಮುಂದಿನ ಅಕ್ಷರದ ಸ್ಥಾನಕ್ಕೆ ಸಿದ್ಧವಾಗಿ ಹೋಗಬೇಕು, ಆದರೆ ತಾಗದೆ ನಿಲ್ಲಬೇಕು. ಒಂದು ದೀರ್ಘ ಸ್ವರಕ್ಕೆ ತಗಲುವ ಎರಡು ಮಾತ್ರೆಗಳಷ್ಟು ಹೊತ್ತು ನಾದ ಮೂಗಿನಿಂದ ಹರಿದ ಬಳಿಕವೇ ತಾ ಅಕ್ಷರದ ಸ್ಪರ್ಶ ಆಗಬೇಕು. ತಾಗುವುದು ಒಮ್ಮೆ ಮಾತ್ರ, ಅದೂ ತಾ ಅಕ್ಷರಕ್ಕಾಗಿ ಎಂದು ನೆನಪಿಟ್ಟುಕೊಂಡರೆ ನಾಲಿಗೆ ಬೇಗ ಹದಕ್ಕೆ ಬರುತ್ತದೆ.

ಎರಡನೆಯದು ಶೀನ್ ಮತ್ತು ಸೀನ್ ಮುಂದೆ. ‘ವಂಶ’, ‘ಹಂಸ’ ಎನ್ನುವಾಗ ನಮ್ಮ ಸೊನ್ನೆ ಮಕಾರವಾಗಿ ತುಟಿಗಳು ಕೂಡುತ್ತವೆ. ಅದೇ ಅಭ್ಯಾಸದಿಂದ ಫಲಕ್ ಅಧ್ಯಾಯದ ‘ಮಿನ್ ಶರ್ರಿ’ಯನ್ನು ‘ಮಿಂಶರ್ರಿ’ ಎಂದು ಬರೆದುಕೊಂಡವರು ತಿಳಿಯದೆಯೇ ‘ಮಿಮ್ ಶರ್ರಿ’ ಎಂದು ಓದುತ್ತಾರೆ. ನೂನ್ ಇದ್ದಲ್ಲಿ ಮೀಮ್ ಬಂದುಬಿಡುತ್ತದೆ. ಇಲ್ಲಿ ತುಟಿಗಳು ತೆರೆದೇ ಇರಬೇಕು. ಕನ್ನಡಿಯ ಮುಂದೆ ಓದಿ ತುಟಿಗಳನ್ನು ಗಮನಿಸಿ; ಮೂಗನ್ನು ಬೆರಳಿನಿಂದ ಒತ್ತಿ ಹಿಡಿದಾಗ ನಾದ ನಿಂತುಹೋದರೆ ಗುನ್ನಾ ಸರಿಯಾಗಿ ಮೂಗಿನಿಂದಲೇ ಬರುತ್ತಿದೆ ಎಂದು ತಿಳಿಯಿರಿ. ಕನ್ನಡ ಲಿಪಿಯಲ್ಲಿ ಟಿಪ್ಪಣಿ ಮಾಡಿಕೊಳ್ಳುವವರು ಇಕ್ಲಾಬ್ ಇರುವಲ್ಲಿ ಮಾತ್ರ ಸೊನ್ನೆ ಬರೆದು, ಇಖ್ಫಾ ಇರುವಲ್ಲಿ ‘ನ್’ ಬರೆದು ಅದರ ಕೆಳಗೆ ಗೆರೆ ಎಳೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮದೀನಾ ಮುದ್ರಣದಲ್ಲಿ ಇಖ್ಫಾದ ನೂನಿನ ಮೇಲೆ ಸುಕೂನ್ ಚಿಹ್ನೆ ಇರುವುದಿಲ್ಲ, ನಮ್ಮ ಭಾರತೀಯ ಮುದ್ರಣಗಳಲ್ಲಿ ಇರುತ್ತದೆ. ಹಾಗಾಗಿ ಚಿಹ್ನೆಯನ್ನು ನಂಬದೆ ಮುಂದಿನ ಅಕ್ಷರವನ್ನೇ ನೋಡಬೇಕು.

ಅಭ್ಯಾಸಕ್ಕೆ ಫೀಲ್ ಅಧ್ಯಾಯದ 4ನೇ ಸೂಕ್ತ ಬಹಳ ಅನುಕೂಲ. ‘ಬಿಹಿಜಾರತಿನ್ ಮಿನ್ ಸಿಜ್ಜೀಲ್’ ಎಂಬಲ್ಲಿ ತನ್ವೀನ್ ಮೀಮಿನೊಳಗೆ ಸೇರಿ ‘ಬಿಹಿಜಾರತಿಮ್ಮಿ’ ಎಂದಾಗುತ್ತದೆ, ಅದರ ಬೆನ್ನಿಗೇ ಸೀನ್ ಮುಂದೆ ಇಖ್ಫಾ ಬರುತ್ತದೆ. ಇಖ್ಲಾಸ್ ಅಧ್ಯಾಯದ ಕೊನೆಯ ಸೂಕ್ತದಲ್ಲಿ ‘ಯಕುನ್ ಲಹೂ’ ಎಂಬುದು ಗುನ್ನಾ ಇಲ್ಲದೆ ‘ಯಕುಲ್ಲಹೂ’ ಆಗುತ್ತದೆ, ‘ಕುಫುವನ್ ಅಹದ್’ ಎಂಬಲ್ಲಿ ಹಂಝ ಇರುವುದರಿಂದ ನಕಾರ ಸ್ಪಷ್ಟವಾಗಿ ಉಳಿಯುತ್ತದೆ.

ನಿಲ್ಲುವುದು

ಉಸಿರು ಬಿಟ್ಟು ನಿಂತರೆ, ಅಂದರೆ ವಕ್ಫ್ ಮಾಡಿದರೆ, ಸಾಮಾನ್ಯವಾಗಿ ಪದದ ಕೊನೆಯ ಹ್ರಸ್ವ ಸ್ವರ ಬಿದ್ದುಹೋಗುತ್ತದೆ. ಆದ್ದರಿಂದ ‘ಸಿಜ್ಜೀಲ್’ ಎಂದು ನಿಂತಾಗ ತನ್ವೀನಿನ ನಿಯಮವೇ ಅಲ್ಲಿ ಉಳಿಯುವುದಿಲ್ಲ. ನಿಲ್ಲದೆ ಮುಂದಿನ ಸೂಕ್ತಕ್ಕೆ ಕೂಡಿಸಿ ಓದಿದರೆ ಫಾ ಮುಂದೆ ಇಖ್ಫಾ ಮಾಡಬೇಕಾಗುತ್ತದೆ. ಇಖ್ಲಾಸ್ ಅಧ್ಯಾಯದ ಮೊದಲೆರಡು ಸೂಕ್ತಗಳನ್ನು ಕೂಡಿಸಿದರೆ ‘ಅಹದುನಿಲ್ಲಾಹ್’ ಎಂದಾಗುತ್ತದೆ. ಭಾರತೀಯ ಮುದ್ರಣಗಳಲ್ಲಿ ಇದಕ್ಕಾಗಿಯೇ ಅಲ್ಲೊಂದು ಪುಟ್ಟ ನೂನ್ ಅಚ್ಚಾಗಿರುತ್ತದೆ. ನಿಂತು ಓದುವವರು ಅದನ್ನು ಉಚ್ಚರಿಸಬಾರದು.

ಸಜ್ದಾ

ಓದುವಾಗ ಸಜ್ದಾದ ಸೂಕ್ತ ಬಂದರೆ ಓದಿದವರೂ ಆಲಿಸಿದವರೂ ಸಾಷ್ಟಾಂಗವೆರಗಬೇಕು. ಹನಫಿ ಪಂಥದವರಿಗೆ ಇದು ವಾಜಿಬ್ (ಕಡ್ಡಾಯ), ಶಾಫಿಈ ಪಂಥದವರಿಗೆ ಸುನ್ನತ್ (ಕಡ್ಡಾಯವಲ್ಲದ ಉತ್ತಮ ಆಚರಣೆ). ಕರ್ನಾಟಕದಲ್ಲಿ ಒಳನಾಡಿನವರು ಹೆಚ್ಚಾಗಿ ಹನಫಿಗಳು, ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿಈಗಳು. ಹೀಗಾಗಿ ಒಂದೇ ತರಗತಿಯಲ್ಲಿ ಇಬ್ಬರೂ ಕೂಡಿದಾಗ ಈ ಪ್ರಶ್ನೆ ಏಳುವುದು ಸಹಜ. ಎರಡೂ ಮದ್‌ಹಬ್‌ಗಳಲ್ಲಿ (ಪಂಥಗಳಲ್ಲಿ) ಸಜ್ದಾದ ಸ್ಥಳಗಳು 14, ಆದರೆ ಪಟ್ಟಿ ಒಂದೇ ಅಲ್ಲ. ಸ್ವಾದ್ ಅಧ್ಯಾಯದ ಸಜ್ದಾ ಹನಫಿಗಳ ಲೆಕ್ಕದಲ್ಲಿದೆ, ಹಜ್ಜ್ ಅಧ್ಯಾಯದ ಎರಡನೆಯದು (22:77) ಶಾಫಿಈಗಳ ಲೆಕ್ಕದಲ್ಲಿದೆ. ಭಾರತೀಯ ಮುದ್ರಣಗಳಲ್ಲಿ ಈ ಎರಡನೆಯ ಸ್ಥಳದ ಪಕ್ಕದ ಅಂಚಿನಲ್ಲಿ ಶಾಫಿಈ ಎಂದು ನಮೂದಿಸಿರುತ್ತಾರೆ.