ಕಿಡ್ನಿ ಕಟ್ಟುವ ಕೆಲಸ ನಿಲ್ಲದೇ ಹೋದಾಗ

ದೊಡ್ಡವರಿಗೆ ಕ್ಯಾನ್ಸರ್ ಬಂದರೆ ಬೀಡಿ, ತಂಬಾಕು, ವಯಸ್ಸು ಅಂತ ಏನಾದರೂ ಕಾರಣ ಹುಡುಕುತ್ತೇವೆ. ಮೂರು ವರ್ಷದ ಮಗುವಿಗೆ ಬಂದರೆ? ವಿಲ್ಮ್ಸ್ ಗೆಡ್ಡೆ ಅಂಥದ್ದೇ ಒಂದು ಕಾಯಿಲೆ. ಕಿಡ್ನಿಯ ಈ ಕ್ಯಾನ್ಸರ್ ಸುಮಾರು 10,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ, ಹೆಚ್ಚಾಗಿ ಐದು ವರ್ಷದೊಳಗೆ. ಮಗು ಆಡಿಕೊಂಡೇ ಇರುತ್ತದೆ. ಸ್ನಾನ ಮಾಡಿಸುವಾಗ ಹೊಟ್ಟೆಯ ಒಂದು ಪಕ್ಕ ಗಟ್ಟಿಯಾಗಿ ತಾಯಿಯ ಕೈಗೆ ಸಿಗುತ್ತದೆ. ಎಷ್ಟೋ ಸಲ ಗೊತ್ತಾಗುವುದೇ ಹೀಗೆ.

ಇದರ ಬೇರು ಹುಟ್ಟಿಗಿಂತ ಮುಂಚೆಯೇ ಇದೆ ಅನ್ನುವ ಊಹೆ ಹಳೆಯದು. 1899ರಲ್ಲಿ ಜರ್ಮನಿಯ ಸರ್ಜನ್ ಮ್ಯಾಕ್ಸ್ ವಿಲ್ಮ್ಸ್ ಇಂಥ ಗೆಡ್ಡೆಗಳ ಬಗ್ಗೆ ಪುಸ್ತಕವನ್ನೇ ಬರೆದರು. ಮೈಕ್ರೋಸ್ಕೋಪಿನಲ್ಲಿ ಕಾಣುತ್ತಿದ್ದದ್ದು ವಿಚಿತ್ರ ಕಲಸುಮೇಲೋಗರ. ಅರೆಬರೆ ಬೆಳೆದ ಕಿಡ್ನಿ ನಾಳಗಳು, ಭ್ರೂಣದಲ್ಲಿರುವಂಥ ಕೋಶಗಳ ಗುಂಪು, ನಡುನಡುವೆ ಮಾಂಸಖಂಡದ ಎಳೆಗಳು. ಕಿಡ್ನಿಯಲ್ಲಿ ಮಾಂಸಖಂಡಕ್ಕೆ ಏನು ಕೆಲಸ? ಇನ್ನೂ ಏನಾಗಬೇಕೆಂದು ತೀರ್ಮಾನವಾಗದ ಭ್ರೂಣದ ಕೋಶಗಳಿಂದಲೇ ಇವೆಲ್ಲ ಬಂದಿರಬೇಕು ಎಂದರು ವಿಲ್ಮ್ಸ್.

ಕಿಡ್ನಿಯಲ್ಲಿ ರಕ್ತ ಸೋಸುವುದು ನೆಫ್ರಾನ್‌ಗಳು. ಬಸಿರಿನ 36ನೇ ವಾರದ ಹೊತ್ತಿಗೆ ಅವನ್ನು ಕಟ್ಟುವ ಕೆಲಸ ಮುಗಿಯುತ್ತದೆ. ಆಮೇಲೆ ಜೀವಮಾನದಲ್ಲಿ ಹೊಸ ನೆಫ್ರಾನ್ ಹುಟ್ಟುವುದಿಲ್ಲ. ಕೆಲವು ಮಕ್ಕಳಲ್ಲಿ ಮಾತ್ರ ಕಟ್ಟುವ ಕೋಶಗಳು ಅಲ್ಲಲ್ಲಿ ಉಳಿದುಬಿಡುತ್ತವೆ, ಗೃಹಪ್ರವೇಶ ಆದರೂ ಗಾರೆಯವರು ಜಾಗ ಬಿಡದ ಹಾಗೆ. ಬೇರೆ ಕಾರಣಕ್ಕೆ ತೀರಿಕೊಂಡ ಶಿಶುಗಳ ಶವಪರೀಕ್ಷೆಯಲ್ಲಿ ನೂರಕ್ಕೆ ಸುಮಾರು ಒಂದರಲ್ಲಿ ಇಂಥ ಉಳಿಕೆ ಸಿಕ್ಕಿದೆ. ಬಹುಪಾಲು ತಾವಾಗೇ ಅಡಗಿಹೋಗುತ್ತವೆ, ಅಪರೂಪಕ್ಕೆ ಗೆಡ್ಡೆಯಾಗುತ್ತವೆ.

ಮುಂದಿನ ಸುಳಿವು ಸಿಕ್ಕಿದ್ದು ಕಿಡ್ನಿಯಿಂದಲ್ಲ, ಕಣ್ಣಿನಿಂದ! 1964ರಲ್ಲಿ ಅಮೆರಿಕದ ರಾಬರ್ಟ್ ಮಿಲ್ಲರ್ ಮತ್ತು ಸಂಗಡಿಗರು ಈ ಗೆಡ್ಡೆಯಿದ್ದ 440 ಮಕ್ಕಳ ಆಸ್ಪತ್ರೆ ದಾಖಲೆ ತಿರುವಿಹಾಕಿದರು. ಅವರಲ್ಲಿ ಆರು ಮಕ್ಕಳಿಗೆ ಕಣ್ಣಿನ ಬಣ್ಣದ ಉಂಗುರವೇ ಇರಲಿಲ್ಲ. ಆ ತೊಂದರೆ ಎಷ್ಟು ಅಪರೂಪವೆಂದರೆ, 440ರಲ್ಲಿ ಒಬ್ಬರು ಸಿಕ್ಕಿದ್ದರೂ ಅಚ್ಚರಿಯೇ. ದಾಖಲೆ ತಿರುವಿಹಾಕುವುದು ಬೇಜಾರಿನ ಕೆಲಸ, ಅಲ್ವಾ? ಆದರೆ ಜೀನ್‌ನ ಜಾಡು ಹಿಡಿಸಿದ್ದು ಅದೇ. ಇಂಥ ಮಕ್ಕಳಲ್ಲಿ 11ನೇ ಕ್ರೋಮೋಸೋಮಿನ ಒಂದು ತುಣುಕು ಬಿಟ್ಟುಹೋಗಿರುತ್ತದೆ ಎಂದು ಆಮೇಲೆ ತಿಳಿಯಿತು. ಅಲ್ಲೇ ಹುಡುಕಿದಾಗ 1990ರಲ್ಲಿ ಡಬ್ಲ್ಯೂಟಿ1 ಜೀನ್ ಸಿಕ್ಕಿತು. 1993ರಲ್ಲಿ ಇಲಿಗಳಲ್ಲಿ ಆ ಜೀನ್ ತೆಗೆದು ನೋಡಿದರು. ಭ್ರೂಣದಲ್ಲಿ ಕಿಡ್ನಿಯೇ ಮೂಡಲಿಲ್ಲ. ಅಂದರೆ, ಕೆಟ್ಟರೆ ಕ್ಯಾನ್ಸರ್ ತರುವ ಜೀನ್‌ನ ಅಸಲಿ ಕೆಲಸ ಕಿಡ್ನಿ ಕಟ್ಟುವುದು. ನನ್ನ ಮಟ್ಟಿಗೆ ಈ ಕಥೆಯ ತಿರುವು ಇದೇ.

ಒಂದೊಂದೇ ಕೋಶದಲ್ಲಿ ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಎಂದು ಓದುವ ತಂತ್ರ ಬಂದ ಮೇಲೆ ನೇರ ಹೋಲಿಕೆ ಸಾಧ್ಯವಾಯಿತು. 2018ರಲ್ಲಿ ಬ್ರಿಟನ್ನಿನ ವೆಲ್‌ಕಮ್ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳು ಗೆಡ್ಡೆಯ ಕೋಶಗಳನ್ನು ಭ್ರೂಣದ ಕಿಡ್ನಿ ಕೋಶಗಳ ಪಕ್ಕದಲ್ಲಿಟ್ಟು ನೋಡಿದರು. ಹೊಂದಿಕೆಯಾಯಿತು. ದೊಡ್ಡವರ ಕಿಡ್ನಿ ಕ್ಯಾನ್ಸರ್ ಹಾಗಲ್ಲ, ಅದು ಬೆಳೆದು ಮುಗಿದ ನಾಳದ ಕೋಶವನ್ನು ಹೋಲುತ್ತದೆ. 2019ರ ಅಧ್ಯಯನದಲ್ಲಿ ಇನ್ನೂ ಒಂದು ಹೆಜ್ಜೆ. ಗೆಡ್ಡೆಯ ಪಕ್ಕದ, ನೋಡಲು ಸರಿಯಾಗೇ ಇದ್ದ ಕಿಡ್ನಿ ಭಾಗದಲ್ಲೂ ಗೆಡ್ಡೆಯಲ್ಲಿದ್ದ ಕೆಲವು ಡಿಎನ್ಎ ಬದಲಾವಣೆಗಳೇ ಕಂಡವು, ಅದೂ ಅರ್ಧಕ್ಕಿಂತ ಜಾಸ್ತಿ ಮಕ್ಕಳಲ್ಲಿ. ಕಿಡ್ನಿ ರೂಪುಗೊಳ್ಳುವಾಗಲೇ ಎಡವಿದ ಒಂದು ಕೋಶದ ಸಂತತಿ ಸುಮ್ನೆ ಹಬ್ಬಿಕೊಂಡಿತ್ತು.

‘ಬಸಿರಿನಲ್ಲಿ ಏನು ತಿಂದೆನೋ, ಗ್ರಹಣದ ದಿನ ಹೊರಗೆ ಬಂದೆನೋ’ ಎಂದು ಕೊರಗುವ ತಾಯಂದಿರಿದ್ದಾರೆ. ಇಷ್ಟು ವರ್ಷದ ಹುಡುಕಾಟದಲ್ಲಿ ಆ ಕೊರಗಿಗೆ ಆಧಾರ ಸಿಕ್ಕಿಲ್ಲ. ಹೆಚ್ಚಿನ ಪ್ರಕರಣಗಳು ವಂಶದಿಂದ ಬಂದದ್ದೂ ಅಲ್ಲ.

ಶ್ರೀಮಂತ ದೇಶಗಳಲ್ಲಿ ಈಗ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ಹುಟ್ಟುವಾಗಲೇ 11ನೇ ಕ್ರೋಮೋಸೋಮಿನ ಆ ತುಣುಕು ಇಲ್ಲದ ಮಕ್ಕಳಿಗೆ ಸುಮಾರು ಏಳು ವರ್ಷದವರೆಗೆ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡುತ್ತಾರೆ. ಡಾಕ್ಟರ್‌ಗಳ ಮುಂದಿರುವ ಈಗಿನ ಪ್ರಶ್ನೆ ಬೇರೆ: ಗೆಡ್ಡೆಯಷ್ಟನ್ನೇ ತೆಗೆದು ಉಳಿದ ಕಿಡ್ನಿಯನ್ನು ಉಳಿಸಿದರೆ, ಅದರಲ್ಲೂ ಆ ಸಂತತಿ ಇದ್ದರೆ ಏನು ಮಾಡಬೇಕು?