ಇಇ ಪಾಠ: ಅಕ್ಕರೆ ಯಾವುದು, ಅತಿ ಕಾಳಜಿ ಯಾವುದು?

ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್, ಅಂದರೆ ಮಾನಸಿಕ ಕಾಯಿಲೆ ಇದ್ದವರಿಗೂ ಅವರ ಮನೆಯವರಿಗೂ ನೆರವಾಗುವ ಸಮಾಜ ಕಾರ್ಯಕರ್ತರ ಕೆಲಸ ಇದು: ಮನೆ ಭೇಟಿ, ಮನೆಯವರ ಜೊತೆ ಮಾತು, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್, ಪಿಂಚಣಿ, ಮತ್ತೆ ಕೆಲಸಕ್ಕೆ ಸೇರಿಸುವುದು.

ಇದನ್ನು ಓದುವಾಗ ನಾನು ಸಿಕ್ಕಿಬಿದ್ದದ್ದು ‘ಎಕ್ಸ್‌ಪ್ರೆಸ್ಡ್ ಎಮೋಷನ್’ (ಇಇ) ಪಾಠದಲ್ಲಿ. ಕಾಯಿಲೆ ಇದ್ದವರ ಬಗ್ಗೆ ಮನೆಯವರು ಮಾತಿನಲ್ಲಿ ತೋರಿಸುವ ಭಾವನೆಯೇ ಇಇ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು ಒಂದು ವಿಷಯ ಗಮನಿಸಿದರು. ಸ್ಕಿಜೋಫ್ರೀನಿಯಾ (ಇಲ್ಲದ ದನಿ ಕೇಳಿಸುವುದು, ಸುಳ್ಳು ಅನುಮಾನ ಮೂಡುವುದು ಇಂಥ ಲಕ್ಷಣಗಳ ತೀವ್ರ ಮಾನಸಿಕ ಕಾಯಿಲೆ) ಇದ್ದವರು ಆಸ್ಪತ್ರೆಯಿಂದ ಅಪ್ಪ-ಅಮ್ಮನ ಹತ್ತಿರವೋ ಹೆಂಡತಿ ಹತ್ತಿರವೋ ಹೋದರೆ ಕಾಯಿಲೆ ಮರುಕಳಿಸುವುದು ಜಾಸ್ತಿ. ಬಾಡಿಗೆ ರೂಮಿಗೆ ಹೋದವರಿಗೆ ಕಡಿಮೆ. ಆಮೇಲೆ ಮನೆಯವರ ಮಾತಿನಲ್ಲಿ ಐದು ಅಂಶ ಅಳೆಯತೊಡಗಿದರು: ಟೀಕೆ, ಹಗೆತನ, ಅತಿ ಕಾಳಜಿ, ಅಕ್ಕರೆ, ಮೆಚ್ಚುಗೆ. ಮೊದಲ ಮೂರರಲ್ಲಿ ಯಾವುದಾದರೂ ಒಂದು ಜಾಸ್ತಿ ಇದ್ದರೂ ‘ಹೈ ಇಇ’.

“ಇವತ್ತೂ ಸ್ನಾನ ಮಾಡಿಲ್ಲ” ಟೀಕೆ. “ಇವನು ಹುಟ್ಟಿದ್ದೇ ದಂಡ” ಹಗೆತನ. ಇದು ಸುಲಭ.

ಅಕ್ಕರೆಗೂ ಅತಿ ಕಾಳಜಿಗೂ ಏನು ವ್ಯತ್ಯಾಸ? ಎರಡೂ ಪ್ರೀತಿಯೇ ಅಲ್ವಾ? ಎರಡು ದಿನ ಇದರಲ್ಲೇ ಕಳೆದೆ. ಕೊನೆಗೆ ನಮ್ಮ ದಾವಣಗೆರೆಯದೇ ಒಂದು ಮನೆ ಕಲ್ಪಿಸಿಕೊಂಡೆ. ಹುಡುಗನಿಗೆ 28. ಮೊದಲು ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದ. ಈಗ ಅಮ್ಮನ ಜೊತೆ ಓಪಿಡಿಗೆ ಬಂದಿದ್ದಾನೆ.

“ನಿದ್ದೆ ಬರ್ತದೇನಪ್ಪಾ?” ಅಂತ ಅವನನ್ನು ಕೇಳಿದೆ.

ಅವನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಹೇಳಿದರು, “ಹನ್ನೆರಡಕ್ಕೆ ಒಂದ್ಸಲ ಏಳ್ತಾನ್ರೀ ಮೇಡಂ.” ಹೇಳುತ್ತಲೇ ಅವನ ಅಂಗಿಯ ಮೇಲಿನ ಗುಂಡಿ ಹಾಕಿದರು. ಅವನು ಬಾಯಿ ಮುಚ್ಚಿಕೊಂಡ.

“ದುಗ್ಗಮ್ಮನ ಜಾತ್ರೆಗೂ ಹೋಗಿಲ್ರೀ. ಇವನ್ನ ಬಿಟ್ಟು ಹೆಂಗ್ ಹೋಗ್ಲಿ?”

ಈಗ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಅವನೇ ಮಾಡಬಲ್ಲ ಕೆಲಸವನ್ನು ಅಮ್ಮ ಮಾಡುತ್ತಿದ್ದಾರಾ? ಅಮ್ಮನ ಸ್ವಂತ ಬದುಕು ನಿಂತುಹೋಗಿದೆಯಾ? ಎರಡಕ್ಕೂ ಹೌದಾದರೆ ಅತಿ ಕಾಳಜಿ. ಬರೀ ಅಕ್ಕರೆ ಆಗಿದ್ದರೆ ಅವನ ಉತ್ತರಕ್ಕೆ ಕಾಯುತ್ತಿದ್ದರು.

ದಯವಿಟ್ಟು ‘ಅಮ್ಮನಿಂದ ಕಾಯಿಲೆ ಬಂತು’ ಎನ್ನಬೇಡಿ. ಇಇ ಹೇಳುವುದು ಮರುಕಳಿಸುವ ಅಪಾಯದ ಬಗ್ಗೆ ಮಾತ್ರ. ಆ ತಾಯಿ ಹೆದರಿದ್ದಾರೆ, ದಣಿದಿದ್ದಾರೆ. ಅವರಿಗೂ ನಮ್ಮ ಸಹಾಯ ಬೇಕು.

ಹೈ ಇಇ ಮನೆಯಲ್ಲಿ ಕಾಯಿಲೆ ಇದ್ದವರೂ ಮನೆಯವರೂ ವಾರಕ್ಕೆ 35 ಗಂಟೆಗಿಂತ ಜಾಸ್ತಿ ಎದುರುಬದುರು ಇದ್ದರೆ ಅಪಾಯ ಹೆಚ್ಚು. ಹಾಗಾಗಿ ಮೊದಲ ವಾರದ ಕೆಲಸ ಚಿಕ್ಕದು. ಸಂಜೆ ಒಂದು ಗಂಟೆ ಅಮ್ಮ ಗುಡಿಗೆ ಹೋಗಿ ಬರಬೇಕು. ಅಷ್ಟರಲ್ಲಿ ಮಗ ಅಂಗಡಿಯಿಂದ ಹಾಲು ತಂದು ಟೀ ಕಾಯಿಸಬೇಕು. ಮಾತ್ರೆ ಅವನೇ ತೆಗೆದುಕೊಳ್ಳಲಿ, ರಾತ್ರಿ ಅಮ್ಮ ಸ್ಟ್ರಿಪ್ ನೋಡಿದರೆ ಸಾಕು.